ಮನೆಯ ಬೆಲೆ ‘ಜಾಸ್ತಿ ಬರೆಸಿದರೆ’ ಲಾಭ ಯಾರಿಗೆ?

ದಾವಣಗೆರೆಯ ನಿಟುವಳ್ಳಿಯಲ್ಲೋ ವಿದ್ಯಾನಗರದಲ್ಲೋ ಒಂದು ಹಳೆಯ ಮನೆ ಮಾರಾಟಕ್ಕಿದೆ ಎಂದುಕೊಳ್ಳಿ. ಕೊಳ್ಳುವವರಿಗೆ ಬ್ಯಾಂಕ್ ಸಾಲ ಬೇಕು, ಕೈಯಲ್ಲಿರುವ ಹಣ ಸಾಲದು. ಆಗ ವ್ಯವಹಾರದ ಮಧ್ಯೆ ನಿಂತವರೊಬ್ಬರು ಸಮಾಧಾನ ಹೇಳುತ್ತಾರೆ: “ಚಿಂತೆ ಮಾಡಬ್ಯಾಡ್ರಿ ಸರ್, ವ್ಯಾಲ್ಯುಯೇಷನ್ ಎಷ್ಟು ಬೇಕು ಹೇಳ್ರಿ, ಅಷ್ಟಕ್ಕೆ ಮಾಡಿಸಿಕೊಡ್ತೀನಿ.”

ಈ ಮಾತನ್ನು ನಮ್ಮಲ್ಲಿ ಬಹಳಷ್ಟು ಜನ ಎಲ್ಲಾದರೂ ಕೇಳಿಯೇ ಇರುತ್ತೇವೆ. ಕೇಳಿದಾಗ ನಮಗೆ ಉಪಕಾರವಾಗುತ್ತಿದೆ ಎನಿಸುತ್ತದೆಯೇ ಹೊರತು ಮೋಸ ಎನಿಸುವುದಿಲ್ಲ. ಇದನ್ನು ಸ್ವಲ್ಪ ಬದಲಿಸಿ ನೋಡೋಣ. ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಗುವವರು “ತೂಕ ಎಷ್ಟು ಬರಬೇಕು ಹೇಳಿ, ಅಷ್ಟು ಬರೋ ಹಾಗೆ ತೂಗ್ತೀನಿ” ಎಂದರೆ? ಆ ತಕ್ಕಡಿಯನ್ನು ಯಾರೂ ನಂಬುವುದಿಲ್ಲ. ಇವತ್ತು ನಮ್ಮ ಕಡೆಗೆ ವಾಲಿದ ತಕ್ಕಡಿ ನಾಳೆ ಇನ್ನೊಬ್ಬರ ಕಡೆಗೆ ವಾಲುತ್ತದೆ ಎಂದು ಎಲ್ಲರಿಗೂ ಗೊತ್ತು. ಆಸ್ತಿಯ ಮೌಲ್ಯಮಾಪನವೂ ಒಂದು ಅಳತೆಯೇ. ಆ ಅಳತೆ ಹೇಗೆ ನಡೆಯುತ್ತದೆ, ಅದರ ಬಗ್ಗೆ ಇರುವ ತಪ್ಪು ನಂಬಿಕೆಗಳು ಯಾವುವು, ಅಳೆಯುವವರು ಪ್ರಾಮಾಣಿಕವಾಗಿರುವುದು ನಮಗೇಕೆ ಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ವ್ಯಾಲ್ಯುಯರ್ ಏನು ಮಾಡುತ್ತಾರೆ?

ಆಸ್ತಿಯ ಮಾರುಕಟ್ಟೆ ಮೌಲ್ಯ ಎಂದರೆ, ಮಾರಲೇಬೇಕೆಂಬ ಒತ್ತಡವಿಲ್ಲದ ಮಾರಾಟಗಾರ ಮತ್ತು ಕೊಳ್ಳಲೇಬೇಕೆಂಬ ಒತ್ತಡವಿಲ್ಲದ ಖರೀದಿದಾರ, ಇಬ್ಬರೂ ವಿಷಯ ತಿಳಿದುಕೊಂಡು ಒಪ್ಪಬಹುದಾದ ಬೆಲೆ. ಅದು ಯಾವ ಕಾಗದದಲ್ಲೂ ಮೊದಲೇ ಬರೆದಿರುವುದಿಲ್ಲ. ಅದನ್ನು ಅಂದಾಜು ಮಾಡಲು ಮೂರು ದಾರಿಗಳಿವೆ.

ಮೊದಲನೆಯದು ಹೋಲಿಕೆ. ಅದೇ ಸುತ್ತಮುತ್ತ ಇತ್ತೀಚೆಗೆ ಮಾರಾಟವಾದ, ಅದೇ ಬಗೆಯ ಆಸ್ತಿಗಳ ಬೆಲೆ ನೋಡುವುದು. ಎರಡನೆಯದು ವೆಚ್ಚ. ಜಾಗದ ಬೆಲೆಗೆ, ಆ ಕಟ್ಟಡವನ್ನು ಇವತ್ತು ಕಟ್ಟಿದರೆ ಆಗುವ ಖರ್ಚು ಸೇರಿಸಿ, ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುವುದು. ಮೂರನೆಯದು ಆದಾಯ. ಅಂಗಡಿ, ಗೋದಾಮಿನಂಥ ಆಸ್ತಿಯಿಂದ ಬರುವ ಬಾಡಿಗೆಯಿಂದ ಬೆಲೆ ಕಟ್ಟುವುದು. ಮಂಡಿಪೇಟೆಯ ಅಂಗಡಿಗೆ ಆದಾಯದ ದಾರಿ ಸೂಕ್ತ, ವಾಸದ ಮನೆಗೆ ಮೊದಲ ಎರಡು.

ಲೆಕ್ಕಕ್ಕೆಂದು ಒಂದು ಕಾಲ್ಪನಿಕ ಮನೆ ತೆಗೆದುಕೊಳ್ಳೋಣ. 30×40 ಸೈಟು, ಅಂದರೆ 1,200 ಚದರಡಿ. ಅಕ್ಕಪಕ್ಕದ ಮಾರಾಟಗಳ ಪ್ರಕಾರ ಚದರಡಿಗೆ 3,000 ರೂಪಾಯಿ ಎಂದಿಟ್ಟುಕೊಂಡರೆ ಜಾಗಕ್ಕೆ 36 ಲಕ್ಷ. ಅದರ ಮೇಲೆ 1,000 ಚದರಡಿಯ ಮನೆ ಇದೆ. ಅದನ್ನು ಇವತ್ತು ಕಟ್ಟಿದರೆ ಚದರಡಿಗೆ 1,800 ರೂಪಾಯಿಯಂತೆ 18 ಲಕ್ಷ. ಆದರೆ ಮನೆಗೆ 20 ವರ್ಷ ವಯಸ್ಸಾಗಿದೆ. ಕಟ್ಟಡದ ಆಯಸ್ಸು 60 ವರ್ಷ, ಕೊನೆಗೆ ಉಳಿಯುವ ಸಾಮಾನಿನ ಬೆಲೆ ಶೇ. 10 ಎಂದು ಹಿಡಿದರೆ ಸವಕಳಿ ಶೇ. 30. ಹಾಗಾಗಿ ಮನೆಗೆ 12.6 ಲಕ್ಷ. ಒಟ್ಟು 48.6 ಲಕ್ಷ. ಈ ಮನೆಗೆ ಮತ್ತೆ ಬರೋಣ.

ನಂಬಿಕೆ 1: “ಗೈಡೆನ್ಸ್ ವ್ಯಾಲ್ಯೂ ಎಷ್ಟಿದೆಯೋ ಅದೇ ಬೆಲೆ”

ಮಾರ್ಗಸೂಚಿ ಬೆಲೆ ಅಥವಾ ಗೈಡೆನ್ಸ್ ವ್ಯಾಲ್ಯೂ ಎಂಬುದು ಮುದ್ರಾಂಕ ಶುಲ್ಕ ವಸೂಲಿಗಾಗಿ ಸರ್ಕಾರ ಪ್ರದೇಶವಾರು ನಿಗದಿ ಮಾಡುವ ದರ. ಕರ್ನಾಟಕ ಮುದ್ರಾಂಕ ಕಾಯ್ದೆ 1957ರ ಅಡಿಯಲ್ಲಿ ಕೇಂದ್ರ ಮೌಲ್ಯಮಾಪನ ಸಮಿತಿಯ ಮೂಲಕ ಇದು ನಿರ್ಧಾರವಾಗುತ್ತದೆ. ರಾಜ್ಯದಾದ್ಯಂತ 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ದರಗಳು ಜಾರಿಗೆ ಬಂದವು. ಒಂದು ಪರಿಷ್ಕರಣೆಗೂ ಇನ್ನೊಂದಕ್ಕೂ ನಡುವೆ ವರ್ಷಗಳೇ ಕಳೆಯಬಹುದು. ಮಾರುಕಟ್ಟೆ ಅಷ್ಟು ದಿನ ಕಾಯುವುದಿಲ್ಲ.

ಆ ದರಕ್ಕೆ ನಿಮ್ಮ ಮನೆಯ ಗೋಡೆ ಬಿರುಕು ಬಿಟ್ಟಿರುವುದು ಗೊತ್ತಿಲ್ಲ, ಎದುರಿಗೆ ಹೊಸ ರಸ್ತೆ ಬಂದಿರುವುದೂ ಗೊತ್ತಿಲ್ಲ. ಅದಕ್ಕೇ ನಿಜವಾದ ಬೆಲೆ ಅದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಆಗ ಆಂಧ್ರಕ್ಕೆ ಸೇರಿದ್ದ ಆದಿಲಾಬಾದಿನ ಭೂಸ್ವಾಧೀನಕ್ಕೆ ಸಂಬಂಧಿಸಿದ ಜವಾಜಿ ನಾಗನಾಥಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಇದನ್ನೇ ಹೇಳಿತು. ಮುದ್ರಾಂಕ ಶುಲ್ಕಕ್ಕಾಗಿ ಇಟ್ಟುಕೊಂಡ ಬೆಲೆಪಟ್ಟಿ ಮಾರುಕಟ್ಟೆ ಮೌಲ್ಯಕ್ಕೆ ಆಧಾರವಾಗಲಾರದು ಎಂಬುದು ಆ ತೀರ್ಪಿನ ಸಾರ.

ಪ್ರಾಮಾಣಿಕ ವ್ಯಾಲ್ಯುಯೇಷನ್ ನಮ್ಮ ನೆರವಿಗೆ ಬರುವ ಒಂದು ಸಂದರ್ಭವೂ ಇಲ್ಲಿದೆ. ಮುದ್ರಾಂಕ ಶುಲ್ಕಕ್ಕೆ ಲೆಕ್ಕ ಹಾಕುವ ಬೆಲೆ ನೀವು ಆಸ್ತಿ ಮಾರಿದ ಬೆಲೆಗಿಂತ ಶೇ. 10ಕ್ಕೂ ಹೆಚ್ಚಾಗಿದ್ದರೆ, ಆದಾಯ ತೆರಿಗೆಯವರು ಆ ಹೆಚ್ಚಿನ ಬೆಲೆಯನ್ನೇ ನೀವು ಪಡೆದಿದ್ದೀರಿ ಎಂದು ಹಿಡಿದು ಲೆಕ್ಕ ಹಾಕುತ್ತಾರೆ. ಆಸ್ತಿಯ ನಿಜವಾದ ಬೆಲೆ ಅಷ್ಟಿರಲಿಲ್ಲ ಎಂದಾದರೆ, ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸುವಂತೆ ಕೇಳಲು ಅವಕಾಶವಿದೆ. ಆಗ ಸ್ಥಳ ನೋಡಿ, ಕಾರಣ ಕೊಟ್ಟು ಬರೆದ ವರದಿ ನಿಮ್ಮ ವಾದಕ್ಕೆ ಬಲ ಕೊಡುತ್ತದೆ. ಕೇಳಿದ ಅಂಕಿ ಬರೆದುಕೊಟ್ಟ ವರದಿ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ.

ನಂಬಿಕೆ 2: “ಏರಿಯಾ ಹೆಸರು ಹೇಳಿದರೆ ಸಾಕು, ಕೂತಲ್ಲೇ ರೇಟ್ ಹೇಳಬಹುದು”

ಏರಿಯಾದ ರೇಟು ಲೆಕ್ಕದ ಆರಂಭ ಮಾತ್ರ. ಅದರಿಂದ ನಿಮ್ಮ ಆಸ್ತಿಯವರೆಗೆ ಬರಲು ಕೂಡುವುದು, ಕಳೆಯುವುದು ಬಹಳ ಇದೆ. ಪುಣೆಯ ಭೂಸ್ವಾಧೀನವೊಂದರ ಬಗ್ಗೆ 1988ರಲ್ಲಿ ಬಂದ ಚಿಮನ್‌ಲಾಲ್ ಹರಗೋವಿಂದದಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಕೂಡು-ಕಳೆಯ ಅಂಶಗಳ ಪಟ್ಟಿಯನ್ನೇ ಕೊಟ್ಟಿದೆ. ಚಿಕ್ಕ ನಿವೇಶನ, ರಸ್ತೆಗೆ ಹತ್ತಿರ, ರಸ್ತೆ ಕಡೆಗೆ ಅಗಲ ಮುಖ, ಅಭಿವೃದ್ಧಿಯಾದ ಬಡಾವಣೆಯ ಸಾಮೀಪ್ಯ, ಸಮತಟ್ಟಾದ ನೆಲ ಇವು ಬೆಲೆ ಏರಿಸುತ್ತವೆ. ವಿಪರೀತ ದೊಡ್ಡ ಜಾಗ, ಒಳಗೆಲ್ಲೋ ಇರುವುದು, ಉದ್ದಕ್ಕೆ ಕಿರಿದಾದ ಪಟ್ಟಿ, ತುಂಬಿಸಬೇಕಾದ ತಗ್ಗು, ದೂರ ಇವು ಇಳಿಸುತ್ತವೆ. ಭೂಮಿಯ ಬೆಲೆಯ ವಾದಗಳಲ್ಲಿ ಈ ತೀರ್ಪನ್ನು ಇವತ್ತಿಗೂ ಎತ್ತಿಕೊಳ್ಳುತ್ತಾರೆ.

ಇದನ್ನು ನಮ್ಮೂರಿಗೆ ಹೊಂದಿಸಿ ನೋಡೋಣ. ದಾವಣಗೆರೆಯಲ್ಲಿ ಎರಡು ಸೈಟುಗಳು ಒಂದೇ ಅಳತೆಯವು. ಒಂದರ ಹತ್ತಿರ ಮಂಡಕ್ಕಿ ಭಟ್ಟಿಗಳಿವೆ, ಬೆಳಗಿನ ಜಾವ ಹೊಗೆ ಬರುತ್ತದೆ. ಇನ್ನೊಂದಕ್ಕೆ ಅಗಲ ರಸ್ತೆ, ಎದುರಿಗೆ ಪಾರ್ಕು. ಹರಿಹರದಲ್ಲಿ ಎರಡು ಮನೆಗಳು ಒಂದೇ ವಯಸ್ಸಿನವು. ಒಂದು ಎತ್ತರದಲ್ಲಿದೆ, ಇನ್ನೊಂದು ತುಂಗಭದ್ರೆ ಉಕ್ಕಿದ ವರ್ಷ ನೀರು ಬರುವ ತಗ್ಗಿನಲ್ಲಿದೆ. ಬೇಸಿಗೆಯಲ್ಲಿ ಫೋಟೊ ನೋಡಿದರೆ ಎರಡೂ ಒಂದೇ. ಸ್ಥಳಕ್ಕೆ ಹೋಗಿ ಗೋಡೆಯ ಮೇಲಿನ ನೀರಿನ ಗುರುತು ನೋಡಿದವರಿಗೆ, ಪಕ್ಕದ ಮನೆಯವರನ್ನು ಮಾತಾಡಿಸಿದವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಜಮೀನಿನ ವಿಷಯ ಇನ್ನೂ ಸೂಕ್ಷ್ಮ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿರುವ ಜಮೀನು ಪಹಣಿಯಲ್ಲಿ ‘ತರಿ’ ಎಂದಿರಬಹುದು. ಆದರೆ ನಾಲೆಯ ಕೊನೆ ಭಾಗದ ರೈತರಿಗೆ ನೀರು ತಲುಪುವುದೇ ಒಂದು ಹೋರಾಟ ಎಂಬುದು ಹರಿಹರ, ದಾವಣಗೆರೆ ತಾಲ್ಲೂಕುಗಳಲ್ಲಿ ಎಲ್ಲರಿಗೂ ಗೊತ್ತು. ಕಾಗದದ ಮೇಲಿನ ನೀರಾವರಿಗೂ ಗದ್ದೆಗೆ ಬರುವ ನೀರಿಗೂ ಇರುವ ಅಂತರವೇ ಬೆಲೆಯ ಅಂತರ.

ಊರಿನ ದುಡಿಮೆ ಬದಲಾದರೂ ಬೆಲೆ ಬದಲಾಗುತ್ತದೆ. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು. ಹರಿಹರ ಎಂದರೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಎನ್ನುವ ಕಾಲವಿತ್ತು. ಗಿರಣಿಯ, ಕಾರ್ಖಾನೆಯ ಸಂಬಳ ನಂಬಿದ ಬಡಾವಣೆಯಲ್ಲಿ ಆ ಸಂಬಳ ನಿಂತ ಮೇಲೆ ಬಾಡಿಗೆಗೆ ಬರುವವರು ಕಡಿಮೆಯಾಗುತ್ತಾರೆ. ಹತ್ತು ವರ್ಷದ ಹಿಂದಿನ ರೇಟನ್ನು ಸ್ವಲ್ಪ ಏರಿಸಿ ಬರೆಯುವ ವ್ಯಾಲ್ಯುಯರ್‌ಗೆ ಇದು ಕಾಣುವುದೇ ಇಲ್ಲ. ಸ್ಥಳಕ್ಕೆ ಹೋಗದೆ ‘ಸ್ಥಳ ಪರಿಶೀಲಿಸಿದ್ದೇನೆ’ ಎಂದು ಸಹಿ ಹಾಕುವುದು ಈ ವೃತ್ತಿಯಲ್ಲಿ ಸಣ್ಣ ಲೋಪವಲ್ಲ. ಅದು ಸುಳ್ಳು ಸಾಕ್ಷಿಗೆ ಸಮ.

ನಂಬಿಕೆ 3: “ಜಾಸ್ತಿ ಬರೆಸಿದರೆ ನಮಗೇ ಲಾಭ, ಹೋದರೆ ಬ್ಯಾಂಕಿಂದು ಹೋಗುತ್ತೆ”

ಇದು ಎಲ್ಲಕ್ಕಿಂತ ದುಬಾರಿ ನಂಬಿಕೆ. ನಮ್ಮ 48.6 ಲಕ್ಷದ ಮನೆಗೆ ಮರಳೋಣ.

ಮನೆ ಸಾಲ ಎಷ್ಟರವರೆಗೆ ಕೊಡಬಹುದು ಎಂಬುದಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಇದೆ. 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ. 90, ಅದರ ಮೇಲೆ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲಾದರೆ ಶೇ. 75. ಬಾಕಿ ಹಣವನ್ನು ಕೊಳ್ಳುವವರೇ ಹಾಕಬೇಕು. ಹಾಗಾಗಿ 48.6 ಲಕ್ಷದ ಮನೆಗೆ ಶೇ. 80ರಂತೆ ಸುಮಾರು 38.9 ಲಕ್ಷ ಸಾಲ ಸಿಗುತ್ತದೆ. ಈಗ ಮಧ್ಯವರ್ತಿಯ ‘ಉಪಕಾರ’ದಿಂದ ವರದಿಯಲ್ಲಿ 60 ಲಕ್ಷ ಎಂದು ಬರೆಸಲಾಯಿತು ಎನ್ನಿ. ಶೇ. 80 ಎಂದರೆ 48 ಲಕ್ಷ. ಮನೆಯ ಪೂರ್ತಿ ಬೆಲೆಯೇ ಹೆಚ್ಚುಕಡಿಮೆ ಸಾಲವಾಗಿ ಬಂತು.

ಮೊದಲ ಪೆಟ್ಟು ತಕ್ಷಣವೇ ಬೀಳುತ್ತದೆ. ಬ್ಯಾಂಕುಗಳು ಸಾಮಾನ್ಯವಾಗಿ ಕರಾರಿನ ಬೆಲೆ ಮತ್ತು ವ್ಯಾಲ್ಯುಯೇಷನ್ ಎರಡರಲ್ಲಿ ಕಡಿಮೆ ಇರುವುದನ್ನು ಹಿಡಿಯುವುದರಿಂದ ಕರಾರು ಪತ್ರವನ್ನೂ 60 ಲಕ್ಷಕ್ಕೇ ಬರೆಯಬೇಕು. ಕ್ರಯಪತ್ರವೂ ಅಷ್ಟಕ್ಕೇ ಆದರೆ, ಇಲ್ಲದ 11.4 ಲಕ್ಷಕ್ಕೆ ಶೇ. 5 ಮುದ್ರಾಂಕ ಶುಲ್ಕ, ಜೊತೆಗೆ 2025ರ ಆಗಸ್ಟ್ 31ರಿಂದ ಶೇ. 2 ಆಗಿರುವ ನೋಂದಣಿ ಶುಲ್ಕ. ಸುಮಾರು 80 ಸಾವಿರ ರೂಪಾಯಿ ಗಾಳಿಗೆ ಹೋಯಿತು, ಸೆಸ್ ಮತ್ತು ಸರ್‌ಚಾರ್ಜ್ ಬೇರೆ. ಸುಳ್ಳು ಬೆಲೆ ತೋರಿಸಿ ಸಾಲ ಪಡೆದ ಹೊಣೆಯೂ ನಮ್ಮ ಸಹಿಯ ಮೇಲೇ ಬರುತ್ತದೆ.

ಎರಡನೆಯ ಪೆಟ್ಟು ಪ್ರತಿ ತಿಂಗಳು. ಶೇ. 9ರ ಬಡ್ಡಿ, 20 ವರ್ಷದ ಅವಧಿ ಎಂದಾದರೆ 38.9 ಲಕ್ಷದ ಸಾಲಕ್ಕೆ ಕಂತು ಸುಮಾರು 35,000 ರೂಪಾಯಿ. 48 ಲಕ್ಷಕ್ಕೆ ಸುಮಾರು 43,200. ತಿಂಗಳಿಗೆ 8,200 ರೂಪಾಯಿ ಹೆಚ್ಚು. 20 ವರ್ಷಕ್ಕೆ ಇದು 19 ಲಕ್ಷ ದಾಟುತ್ತದೆ.

ಮೂರನೆಯ ಪೆಟ್ಟು ಕಷ್ಟ ಬಂದಾಗ. ಮೂರು ವರ್ಷದ ನಂತರ ಕೆಲಸ ಹೋಯಿತು, ಅಥವಾ ಮನೆಯಲ್ಲಿ ಯಾರಿಗೋ ದೊಡ್ಡ ಕಾಯಿಲೆ ಬಂತು, ಕಂತು ಕಟ್ಟಲಾಗಲಿಲ್ಲ ಎನ್ನಿ. ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ಹರಾಜಿಗಿಡುತ್ತದೆ. ಅದಕ್ಕೂ ಮೊದಲು ಅನುಮೋದಿತ ವ್ಯಾಲ್ಯುಯರ್‌ನಿಂದ ಹೊಸದಾಗಿ ಬೆಲೆ ಕಟ್ಟಿಸಿ ಮೀಸಲು ಬೆಲೆ ನಿಗದಿ ಮಾಡಬೇಕು ಎಂದು ನಿಯಮವಿದೆ. ಆಗ ಹಳೆಯ ‘60 ಲಕ್ಷ’ ಯಾರಿಗೂ ನೆನಪಿರುವುದಿಲ್ಲ. ಅವಸರದ ಮಾರಾಟದಲ್ಲಿ ನಿಜವಾದ ಬೆಲೆಗಿಂತ ಶೇ. 15 ಕಡಿಮೆಗೆ ಹೋಯಿತು ಎಂದರೆ ಬರುವುದು 41.3 ಲಕ್ಷ.

ಸರಿಯಾದ ಸಾಲ ಮಾಡಿದವರಿಗೆ ಆ ಹೊತ್ತಿಗೆ ಬಾಕಿ ಇರುವ ಅಸಲು ಸುಮಾರು 36.5 ಲಕ್ಷ. ಮನೆ ಹೋದರೂ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಕೈಗೆ ಉಳಿಯುತ್ತದೆ. ‘ಜಾಸ್ತಿ ಬರೆಸಿದವರಿಗೆ’ ಬಾಕಿ ಸುಮಾರು 45 ಲಕ್ಷ. ಮನೆಯೂ ಹೋಯಿತು, ಮೇಲೆ ಮೂರೂಮುಕ್ಕಾಲು ಲಕ್ಷದಷ್ಟು ಸಾಲವೂ ಉಳಿಯಿತು. ಬಾಕಿ ಬಡ್ಡಿ, ಹರಾಜಿನ ಖರ್ಚು ಸೇರಿಸಿದರೆ ಎರಡೂ ಕಡೆ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಮನೆ ಮಾರಿದರೂ ತೀರದ ಸಾಲವನ್ನು ಬ್ಯಾಂಕು ಬಿಟ್ಟುಕೊಡುವುದಿಲ್ಲ. ಉಳಿದ ಹಣಕ್ಕೆ ಸಾಲಗಾರರ ಮೇಲೆ, ಜಾಮೀನು ಹಾಕಿದವರ ಮೇಲೆ ವಸೂಲಿ ಮುಂದುವರಿಯುತ್ತದೆ. ಮೂರು ವರ್ಷದ ಹಿಂದೆ ‘ಉಪಕಾರ’ ಮಾಡಿದವರು ಕಮಿಷನ್ ತೆಗೆದುಕೊಂಡು ಹೋಗಿ ಬಹಳ ಕಾಲವಾಗಿರುತ್ತದೆ.

ಶೇ. 20 ಕೈಯಿಂದ ಹಾಕಿ ಎಂಬ ನಿಯಮ ಬ್ಯಾಂಕನ್ನು ಕಾಯುವಂತೆಯೇ ನಮ್ಮನ್ನೂ ಕಾಯುತ್ತದೆ. ಸುಳ್ಳು ವ್ಯಾಲ್ಯುಯೇಷನ್ ಮೊದಲು ಕೀಳುವುದು ಆ ಬೇಲಿಯನ್ನು.

ನಂಬಿಕೆ 4: “ಕಡಿಮೆ ಬರೆಸಿದರೆ ಯಾರಿಗೂ ನಷ್ಟವಿಲ್ಲ”

ಸಾಲಕ್ಕೆ ಜಾಸ್ತಿ ಬರೆಸುವ ಚಾಳಿಯಂತೆ, ಭಾಗಕ್ಕೆ ಕುಳಿತಾಗ ಕಡಿಮೆ ಬರೆಸುವ ಚಾಳಿಯೂ ಇದೆ. ತಂದೆ ತೀರಿಕೊಂಡಿದ್ದಾರೆ, ಪಿ.ಜೆ. ಬಡಾವಣೆಯಲ್ಲಿ ಒಂದು ಮನೆ. ಇಬ್ಬರು ಅಣ್ಣಂದಿರು, ಒಬ್ಬ ತಂಗಿ. ಮನೆಯನ್ನು ಅಣ್ಣಂದಿರು ಇಟ್ಟುಕೊಂಡು ತಂಗಿಗೆ ಅವಳ ಪಾಲಿನ ಹಣ ಕೊಡುವುದು ಎಂದು ಮಾತಾಯಿತು. ಮನೆಯ ನಿಜವಾದ ಬೆಲೆ 90 ಲಕ್ಷ ಎಂದಿಟ್ಟುಕೊಳ್ಳಿ. ಪರಿಚಯದ ಎಂಜಿನಿಯರ್ ಒಬ್ಬರಿಂದ 60 ಲಕ್ಷದ ವರದಿ ತರಿಸಿದರೆ ತಂಗಿಗೆ 30 ಲಕ್ಷದ ಬದಲು 20 ಲಕ್ಷ. ಜಗಳವಿಲ್ಲ, ಬೈಗುಳವಿಲ್ಲ. ಸೀಲು ಹಾಕಿದ ಕಾಗದ ನೋಡಿ ಅವಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೆ. “ನಮ್ಮ ಅಣ್ಣಂದಿರು ಲೆಕ್ಕ ಹಾಕಿಸಿಯೇ ಕೊಟ್ಟಿದ್ದಾರೆ” ಎಂದುಕೊಳ್ಳುತ್ತಾಳೆ. ಹತ್ತು ಲಕ್ಷ ಹೋದದ್ದು ಅವಳಿಗೆ ಗೊತ್ತೇ ಆಗುವುದಿಲ್ಲ.

ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ, ಕೆಲವು ಮಿತಿಗಳೊಂದಿಗೆ, 1994ರಲ್ಲೇ ಜಾರಿಗೆ ಬಂತು. ಇಡೀ ದೇಶಕ್ಕೆ 2005ರಲ್ಲಿ ಬಂತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಆದರೆ ಕಾನೂನು ಕೊಟ್ಟ ಮೂರನೇ ಒಂದು ಪಾಲನ್ನು ಒಂದು ತಪ್ಪು ವರದಿ ಸದ್ದಿಲ್ಲದೆ ಸವೆಸಬಹುದು. ಇಲ್ಲಿ ವ್ಯಾಲ್ಯುಯರ್‌ಗೆ ಶುಲ್ಕ ಕೊಡುವವರು ಅಣ್ಣಂದಿರು, ನಷ್ಟವಾಗುವುದು ಆ ಕೋಣೆಯಲ್ಲೇ ಇಲ್ಲದ ತಂಗಿಗೆ. ಶುಲ್ಕ ಕೊಟ್ಟವರಿಗೆ ಮಾತ್ರವಲ್ಲ, ವರದಿಯನ್ನು ನಂಬುವ ಎಲ್ಲರಿಗೂ ವ್ಯಾಲ್ಯುಯರ್ ಬಾಧ್ಯರು ಎಂಬುದು ಈ ವೃತ್ತಿನೀತಿಯ ತಿರುಳು.

ಕಡಿಮೆ ಬರೆಸುವ ಇನ್ನೊಂದು ಕಡೆ ಸಬ್ ರಿಜಿಸ್ಟ್ರಾರ್ ಕಚೇರಿ. ಗೈಡೆನ್ಸ್ ವ್ಯಾಲ್ಯೂಗೆ ನೋಂದಣಿ ಮಾಡಿಸಿ, ಉಳಿದದ್ದನ್ನು ನಗದಾಗಿ ಕೊಡುವುದು. ಊರೆಲ್ಲ ಹೀಗೆ ಮಾಡಿದರೆ ಏನಾಗುತ್ತದೆ? ಪ್ರಾಮಾಣಿಕ ವ್ಯಾಲ್ಯುಯರ್ ಹೋಲಿಕೆಗೆ ಕ್ರಯಪತ್ರಗಳನ್ನು ತೆಗೆದರೆ ಅಲ್ಲಿ ಸಿಗುವುದೆಲ್ಲ ಸುಳ್ಳು ಅಂಕಿ. ತಕ್ಕಡಿ ಸರಿಯಿದ್ದರೂ ತೂಕದ ಬಟ್ಟೇ ಸವೆದಿರುತ್ತದೆ.

ಇದರ ಬಿಸಿ ತಟ್ಟುವುದು ಜಮೀನು ಸ್ವಾಧೀನವಾದಾಗ. ದಾವಣಗೆರೆ ಸುತ್ತಮುತ್ತ ಹೆದ್ದಾರಿ, ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗದಂಥ ಕೆಲಸಗಳಿಗೆ ರೈತರ ಜಮೀನು ಹೋಗುತ್ತದೆ. 2013ರ ಭೂಸ್ವಾಧೀನ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಬೆಲೆ ಕಟ್ಟುವಾಗ ಮುದ್ರಾಂಕ ಕಾಯ್ದೆಯ ಬೆಲೆ, ಹಿಂದಿನ ಮೂರು ವರ್ಷಗಳ ಅಂಥದೇ ಜಮೀನಿನ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟರ ಸರಾಸರಿ, ಕೆಲವು ಯೋಜನೆಗಳಲ್ಲಿ ಒಪ್ಪಿತ ಮೊತ್ತ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯುತ್ತಾರೆ. ಅದರ ಮೇಲೆ ಶೇ. 100 ಸಮಾಧಾನ ಧನ ಸೇರುತ್ತದೆ. ಅಕ್ಕಪಕ್ಕದವರೆಲ್ಲ ಅರ್ಧ ಬೆಲೆಗೆ ನೋಂದಣಿ ಮಾಡಿಸಿದ್ದರೆ ಆ ಸರಾಸರಿಯೇ ಅರ್ಧ. ಸಮಾಧಾನ ಧನವೂ ಅದೇ ಅರ್ಧದ ಮೇಲೆ. ಯಾರೋ ಉಳಿಸಿದ ಮುದ್ರಾಂಕ ಶುಲ್ಕಕ್ಕೆ ಇನ್ಯಾರೋ ರೈತರು ಬೆಲೆ ತೆರುತ್ತಾರೆ.

ಒತ್ತಡ ಎಲ್ಲಿಂದ ಬರುತ್ತದೆ?

ವ್ಯಾಲ್ಯುಯರ್‌ಗಳೆಲ್ಲ ಕೆಟ್ಟವರು ಎಂದು ನಾವು ಹೇಳುತ್ತಿಲ್ಲ. ತಪ್ಪು ಅಂಕಿ ಬರಲು ಲಂಚವೇ ಬೇಕೆಂದಿಲ್ಲ. ಒಂದು ಅಂಕಿ ಕಿವಿಗೆ ಬಿದ್ದರೂ ಸಾಕು. 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಟೂಸಾನ್ ನಗರದ ಪ್ರಯೋಗವೊಂದನ್ನು ಪ್ರಕಟಿಸಿದರು. ನಿಜವಾದ ಮನೆಯೊಂದನ್ನು ವಿದ್ಯಾರ್ಥಿಗಳಿಗೂ ಅನುಭವಿ ರಿಯಲ್ ಎಸ್ಟೇಟ್ ಏಜೆಂಟರಿಗೂ ತೋರಿಸಿ, ಮನೆಯ ಬಗ್ಗೆ ಒಂದೇ ಮಾಹಿತಿ ಕೊಟ್ಟು ಬೆಲೆ ಹೇಳಿ ಎಂದರು. ಬದಲಿಸಿದ್ದು ಒಂದನ್ನೇ: ‘ಮಾಲೀಕರು ಕೇಳುತ್ತಿರುವ ಬೆಲೆ’. ಕೆಲವರ ಹಾಳೆಯಲ್ಲಿ ಅದು 65,900 ಡಾಲರ್, ಕೆಲವರ ಹಾಳೆಯಲ್ಲಿ 83,900 ಡಾಲರ್. ಹೆಚ್ಚಿನ ಅಂಕಿ ನೋಡಿದವರು ಸಾವಿರಾರು ಡಾಲರ್ ಹೆಚ್ಚು ಬೆಲೆ ಕಟ್ಟಿದರು. ಅನುಭವಿಗಳೂ ಜಾರಿದರು. ಆದರೆ ಅವರಲ್ಲಿ ಬಹುತೇಕರು ಕೇಳಿದ ಬೆಲೆಯನ್ನು ತಾವು ಲೆಕ್ಕಕ್ಕೆ ತೆಗೆದುಕೊಂಡೆವು ಎಂದು ಹೇಳಲಿಲ್ಲ.

ಅಂದರೆ “ಎಷ್ಟು ಬೇಕು ಹೇಳ್ರಿ” ಎಂಬ ಮಾತು ಪ್ರಾಮಾಣಿಕರ ಲೆಕ್ಕವನ್ನೂ ಕೆಡಿಸುತ್ತದೆ. ಅದಕ್ಕೆ ಮುಂದಿನ ಕೆಲಸದ ಆಸೆ ಸೇರಿದರೆ ಒತ್ತಡ ಇಮ್ಮಡಿ. ಅಮೆರಿಕದಲ್ಲಿ 2000ದಿಂದ 2007ರ ನಡುವೆ ಸುಮಾರು 11,000 ವ್ಯಾಲ್ಯುಯರ್‌ಗಳು ಒಂದು ಮನವಿಗೆ ಸಹಿ ಹಾಕಿದರು. ಸಾಲ ಕೊಡುವವರು ಬೇಕಾದ ಬೆಲೆಗೆ ಒತ್ತಾಯಿಸುತ್ತಾರೆ, ಒಪ್ಪದವರಿಗೆ ಕೆಲಸ ಕೊಡುವುದಿಲ್ಲ ಎಂಬುದು ಅವರ ದೂರು. 2008ರಲ್ಲಿ ಅಲ್ಲಿನ ಮನೆ ಸಾಲದ ಬಿಕ್ಕಟ್ಟು ಜಗತ್ತನ್ನೇ ನಡುಗಿಸಿದ ಮೇಲೆ, 2010ರ ಡಾಡ್–ಫ್ರಾಂಕ್ ಕಾನೂನಿನಲ್ಲಿ ವ್ಯಾಲ್ಯುಯರ್ ಮೇಲೆ ಒತ್ತಡ ಹಾಕುವುದನ್ನೇ ನಿಷೇಧಿಸಲಾಯಿತು.

ದಾವಣಗೆರೆ, ಹರಿಹರದಂಥ ಊರುಗಳಲ್ಲಿ ಒತ್ತಡದ ರೂಪ ಬೇರೆ. ಇಲ್ಲಿ ಎಲ್ಲರಿಗೂ ಎಲ್ಲರೂ ಪರಿಚಯ. ಮನೆಯ ನಕ್ಷೆ ಬರೆದವರು, ಎಸ್ಟಿಮೇಟ್ ಕೊಟ್ಟವರು, ಕಟ್ಟಿಸಿದವರು, ಕೊನೆಗೆ ವ್ಯಾಲ್ಯುಯೇಷನ್ ಮಾಡುವವರು ಒಬ್ಬರೇ ಎಂಜಿನಿಯರ್ ಆಗಿರಬಹುದು. ತಾವೇ ಕಟ್ಟಿಸಿದ ಮನೆಗೆ ತಾವೇ ಬೆಲೆ ಕಟ್ಟುವುದು ಪ್ರಶ್ನೆಪತ್ರಿಕೆಯನ್ನು ತಾವೇ ಬರೆದು, ಉತ್ತರಿಸಿ, ತಿದ್ದಿದಂತೆ.

ನಿಯಮ ಏನು ಹೇಳುತ್ತದೆ?

ರಿಸರ್ವ್ ಬ್ಯಾಂಕ್ 2007ರ ಜನವರಿಯಲ್ಲಿ ಬ್ಯಾಂಕುಗಳಿಗೆ ಕೊಟ್ಟ ಸೂಚನೆಯ ಪ್ರಕಾರ, ಮೌಲ್ಯಮಾಪನವನ್ನು ಅರ್ಹತೆಯುಳ್ಳ ಸ್ವತಂತ್ರ ವ್ಯಾಲ್ಯುಯರ್‌ಗಳೇ ಮಾಡಬೇಕು, ಅವರಿಗೆ ಆ ಆಸ್ತಿಯಲ್ಲಿ ನೇರ ಅಥವಾ ಪರೋಕ್ಷ ಹಿತಾಸಕ್ತಿ ಇರಬಾರದು. 50 ಕೋಟಿ ಅಥವಾ ಅದಕ್ಕೂ ಹೆಚ್ಚಿನ ಆಸ್ತಿಗೆ ಕನಿಷ್ಠ ಎರಡು ಸ್ವತಂತ್ರ ವರದಿ ಬೇಕು.

ಕಂಪನಿ ಕಾಯ್ದೆ 2013ರ 247ನೇ ಸೆಕ್ಷನ್ ಮತ್ತು 2017ರ ಅಕ್ಟೋಬರಿನಲ್ಲಿ ಬಂದ ನಿಯಮಗಳು ‘ನೋಂದಾಯಿತ ವ್ಯಾಲ್ಯುಯರ್’ ಎಂಬ ವೃತ್ತಿಗೆ ಚೌಕಟ್ಟು ಹಾಕಿದವು. ಇದರ ಉಸ್ತುವಾರಿ ಐಬಿಬಿಐ ಎಂಬ ಕೇಂದ್ರ ಮಂಡಳಿಯದು. ಭೂಮಿ ಮತ್ತು ಕಟ್ಟಡದ ವಿಭಾಗಕ್ಕೆ ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯ ಪದವಿ, ಅನುಭವ, ತರಬೇತಿ, ಪರೀಕ್ಷೆ ಇವೆಲ್ಲ ಬೇಕು. ಈ ಕಾನೂನು ಮುಖ್ಯವಾಗಿ ಕಂಪನಿಗಳ ಆಸ್ತಿಗೆ. ಮನೆ ಸಾಲದ ವರದಿ ಆಯಾ ಬ್ಯಾಂಕಿನ ಪ್ಯಾನೆಲ್ ನಿಯಮದಂತೆ ನಡೆಯುತ್ತದೆ. ಆದರೂ ನಿಯಮಗಳ ಜೊತೆಗಿರುವ ನೀತಿ ಸಂಹಿತೆ ಯಾವ ವ್ಯಾಲ್ಯುಯರ್‌ಗೂ ಒಳ್ಳೆಯ ಅಳತೆಗೋಲು. ಅದರ ಮುಖ್ಯ ಅಂಶಗಳು ಇವು:

- ತಮಗೆ ಹಿತಾಸಕ್ತಿ ಇರುವ ಆಸ್ತಿಗೆ ಬೆಲೆ ಕಟ್ಟಬಾರದು. ನೇಮಕದ ಹಿಂದಿನ ಮೂರು ವರ್ಷ, ವರದಿಯ ಮುಂದಿನ ಮೂರು ವರ್ಷಗಳಿಗೂ ಇದು ಅನ್ವಯ.
- ‘ಸಾಲ ಪಾಸಾದರೆ ಇಷ್ಟು’ ಎಂಬಂಥ ಫಲಿತಾಂಶಕ್ಕೆ ತಳುಕು ಹಾಕಿದ ಶುಲ್ಕ ಪಡೆಯಬಾರದು.
- ಲಿಖಿತ ಒಪ್ಪಂದದಲ್ಲಿ ಇಲ್ಲದ ಶುಲ್ಕ, ಪ್ರಭಾವ ಬೀರುವಂಥ ಉಡುಗೊರೆ, ಆತಿಥ್ಯ ಬೇಡ.
- ಗ್ರಾಹಕರ ಮಾಹಿತಿ ಗುಟ್ಟಾಗಿಡಬೇಕು.
- ಹೇಗೆ ಲೆಕ್ಕ ಹಾಕಿದೆ ಎಂಬ ಕಾಗದಪತ್ರಗಳನ್ನು ಕನಿಷ್ಠ ಮೂರು ವರ್ಷ ಕಾಪಾಡಬೇಕು.

ಕೊನೆಯ ಅಂಶ ಸಣ್ಣದೆನಿಸಬಹುದು. ಆದರೆ ಪ್ರಾಮಾಣಿಕತೆಯ ನಿಜವಾದ ಪರೀಕ್ಷೆ ಅಲ್ಲಿದೆ. ಇನ್ನೊಬ್ಬರು ಅದೇ ಕಾಗದ ನೋಡಿ ಅದೇ ದಾರಿಯಲ್ಲಿ ನಡೆದು ಬರಲು ಸಾಧ್ಯವಾದರೆ ಅದು ಲೆಕ್ಕ. ಇಲ್ಲದಿದ್ದರೆ ಬರೀ ಅಂಕಿ.

ಎರಡು ವರದಿಯಲ್ಲಿ ಎರಡು ಬೆಲೆ: ಒಬ್ಬರು ಸುಳ್ಳರೇ?

ಹಾಗೇನಿಲ್ಲ. ವ್ಯಾಲ್ಯುಯೇಷನ್ ಒಂದು ಅಂದಾಜು. ಇಬ್ಬರು ಪ್ರಾಮಾಣಿಕರು ಬೇರೆ ಬೇರೆ ಹೋಲಿಕೆ ಆರಿಸಿಕೊಂಡರೆ ಸ್ವಲ್ಪ ವ್ಯತ್ಯಾಸ ಬರುವುದು ಸಹಜ. ಉದ್ದೇಶ ಬೇರೆಯಾದರೂ ಅಂಕಿ ಬೇರೆ. ಬ್ಯಾಂಕಿನ ವರದಿಗಳಲ್ಲಿ ಮಾರುಕಟ್ಟೆ ಬೆಲೆ, ಕೈಗೆ ಬರಬಹುದಾದ ಬೆಲೆ, ಅವಸರದ ಮಾರಾಟದ ಬೆಲೆ ಎಂದು ಮೂರು ಅಂಕಿ ಇರುವುದು ಇದಕ್ಕೇ.

ತಪ್ಪು ಅಭಿಪ್ರಾಯವೂ ಅಪರಾಧವೂ ಒಂದೇ ಅಲ್ಲ. ಹೈದರಾಬಾದಿನ ಮನೆ ಸಾಲದ ವಂಚನೆ ಪ್ರಕರಣವೊಂದರಲ್ಲಿ ಬ್ಯಾಂಕಿನ ಪ್ಯಾನೆಲ್ ವಕೀಲರ ಮೇಲೂ ಆರೋಪ ಬಂದಿತ್ತು. ಅಭಿಪ್ರಾಯ ತಪ್ಪಾಯಿತು ಎಂಬ ಕಾರಣಕ್ಕೇ ಅವರನ್ನು ಅಪರಾಧಿಯಾಗಿಸಲಾಗದು, ಸಂಚಿನಲ್ಲಿ ಕೈಜೋಡಿಸಿದ್ದಕ್ಕೆ ಆಧಾರ ಬೇಕು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವ್ಯಾಲ್ಯುಯರ್ ವಿಷಯದಲ್ಲೂ ನಾವು ನೋಡಬೇಕಾದದ್ದು ಅಂಕಿಗೆ ಕಾರಣ ಇದೆಯೇ ಎಂಬುದನ್ನು.

ಇನ್ನೊಂದು ಗೊಂದಲವೂ ಇದೆ. “ವ್ಯಾಲ್ಯುಯರ್ ಬಂದು ನೋಡಿ ಹೋಗಿದ್ದಾರೆ, ದಾಖಲೆ ಎಲ್ಲ ಸರಿ ಇದೆ” ಎಂದು ಜನ ನಂಬುತ್ತಾರೆ. ಮಾಲೀಕತ್ವ ಪರಿಶೀಲಿಸುವುದು ವಕೀಲರ ಕೆಲಸ. ಆದರೆ ಸೈಟು ಭೂಪರಿವರ್ತನೆಯಾಗದ ರೆವಿನ್ಯೂ ಸೈಟೇ, ಖಾತೆ ಯಾವ ಬಗೆಯದು, ನಕ್ಷೆಗಿಂತ ಹೆಚ್ಚು ಕಟ್ಟಲಾಗಿದೆಯೇ ಎಂಬುದು ಬೆಲೆಯನ್ನೇ ಬದಲಿಸುತ್ತದೆ. ಬಿ-ಖಾತೆಯ ಸೈಟಿಗೂ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾ, ಅನುಮೋದಿಸಿದ ಬಡಾವಣೆಯ ಸೈಟಿಗೂ ಒಂದೇ ರೇಟು ಹಾಕಿದ ವರದಿಯನ್ನು ಅನುಮಾನಿಸಲೇಬೇಕು.

ನಾವು ಏನು ಮಾಡಬಹುದು?

- ವ್ಯಾಲ್ಯುಯರ್‌ಗೆ ‘ಇಷ್ಟು ಬೇಕು’ ಎಂದು ಹೇಳಬೇಡಿ, ಮಧ್ಯವರ್ತಿಯಿಂದಲೂ ಹೇಳಿಸಬೇಡಿ. ದಾಖಲೆಗಳನ್ನು ಪೂರ್ತಿ ಕೊಡಿ, ಮನೆಯ ದೋಷವನ್ನೂ ಹೇಳಿ.
- ಶುಲ್ಕವನ್ನು ಬ್ಯಾಂಕಿನ ಮೂಲಕ ಅಥವಾ ರಸೀದಿ ಪಡೆದು ಕೊಡಿ.
- ಸ್ಥಳಕ್ಕೆ ಬಂದಾಗ ಜೊತೆಗಿರಿ. ಟೇಪು ಹಿಡಿಯದೆ, ಒಳಗೆ ಬಾರದೆ, ಗೇಟಿನಿಂದಲೇ ಫೋಟೊ ತೆಗೆದು ಹೋದರೆ ಬ್ಯಾಂಕಿಗೆ ತಿಳಿಸಿ.
- ವರದಿಯ ಪ್ರತಿ ಕೇಳಿ. ಭೇಟಿಯ ದಿನಾಂಕ, ಉದ್ದೇಶ, ಹೋಲಿಕೆಗೆ ತೆಗೆದುಕೊಂಡ ಮಾರಾಟಗಳು, ಸವಕಳಿಯ ಲೆಕ್ಕ ಇವೆಯೇ ನೋಡಿ. ಬರೀ ‘ಸ್ಥಳೀಯ ವಿಚಾರಣೆಯಂತೆ’ ಎಂದಿದ್ದರೆ ವಿವರ ಕೇಳಿ.
- ಕುಟುಂಬದ ಭಾಗವಾದರೆ ಪಾಲುದಾರರೆಲ್ಲ ಸೇರಿ ಒಬ್ಬ ವ್ಯಾಲ್ಯುಯರ್‌ನನ್ನು ಬರವಣಿಗೆಯಲ್ಲಿ ನೇಮಿಸಿ, ಶುಲ್ಕ ಹಂಚಿಕೊಳ್ಳಿ. ಒಬ್ಬರೇ ತರಿಸಿದ ವರದಿಯ ಮೇಲೆ ಸಹಿ ಹಾಕುವ ಮೊದಲು ಎರಡನೆಯ ವರದಿ ಮಾಡಿಸಿ. ಕೆಲವು ಸಾವಿರದ ಖರ್ಚು ಲಕ್ಷಗಳನ್ನು ಉಳಿಸಬಹುದು.
- ನೋಂದಾಯಿತ ವ್ಯಾಲ್ಯುಯರ್ ಎಂದು ಹೇಳಿಕೊಂಡವರ ಹೆಸರನ್ನು ಐಬಿಬಿಐ ಜಾಲತಾಣದ ಪಟ್ಟಿಯಲ್ಲಿ ಹುಡುಕಿ.

ನಿಮಗೆ ನಿರಾಸೆ ತರುವ ಅಂಕಿಯನ್ನು ಕಾರಣ ಕೊಟ್ಟು ಬರೆದ ವ್ಯಾಲ್ಯುಯರ್ ಸಿಕ್ಕರೆ ಸಿಟ್ಟಾಗಬೇಡಿ. ‘ಇಷ್ಟೇ ಬಾಳುತ್ತದೆ’ ಎಂದು ಅವರು ಹೇಳಿದ ಆ ಮನೆಗೆ ಮುಂದಿನ 20 ವರ್ಷ ಕಂತು ಕಟ್ಟುವವರು ನೀವು. ಕಟ್ಟುವ ಮೊದಲೇ ನಿಜ ಗೊತ್ತಾಗುವುದು ಒಳ್ಳೆಯದು.